ಬಿ.ಕಾಂ. ಬಿಟ್ಟು ಧಾರವಾಡಕ್ಕೆ ಕೋಚಿಂಗ್‌ಗೆ ಹೋಗಲಾ?

ಪ್ರಶ್ನೆ: ನಾನು ಗಂಗಾವತಿ ಕಡೆಯ ಹಳ್ಳಿಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಪಿಯುಸಿ ತನಕ ಕನ್ನಡ ಮಾಧ್ಯಮ. ದಿನಾ ಬಸ್ಸಿನಲ್ಲಿ ಓಡಾಟ. ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ ಫೇಲಾಗಿ ಬ್ಯಾಕ್ ಉಳಿದಿದೆ. ನಮ್ಮ ಕ್ಲಾಸಿನ ಮೂವರು ಕಾಲೇಜಿಗೆ ಬರುವುದನ್ನೇ ಬಿಟ್ಟು ಧಾರವಾಡದಲ್ಲಿ ಕೋಚಿಂಗ್ ಸೇರಿದ್ದಾರೆ. ಅಪ್ಪ ಈ ಸಲದ ಭತ್ತದ ದುಡ್ಡಿನಲ್ಲಿ 80,000 ಕೊಡುತ್ತೇನೆ, ನೀನೂ ಹೋಗು ಅನ್ನುತ್ತಾರೆ. ಡಿಗ್ರಿ ಮುಗಿದರೆ ಗಂಡು ನೋಡೋಣ ಅನ್ನೋದು ಅಮ್ಮನ ಮಾತು. ಬೆಂಗಳೂರಿನಲ್ಲಿರುವ ಅಣ್ಣ, ಇಂಗ್ಲಿಷ್ ಬರದಿದ್ದರೆ ಬಿ.ಕಾಂ.ಗೆ ಬೆಲೆಯೇ ಇಲ್ಲ ಅನ್ನುತ್ತಾನೆ. ಪಾಠ ಅರ್ಥವಾಗುತ್ತದೆ, ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ. ಕಾಲೇಜು ಬಿಟ್ಟು ಹೋಗಲಾ? ಬಿಡದಿದ್ದರೆ ಉಳಿದ ದಿನಗಳಲ್ಲಿ ಏನು ಮಾಡಲಿ?

ಉತ್ತರ: ಕಾಲೇಜು ಬಿಡಬೇಡಿ. ಸರ್ಕಾರಿ ಕೆಲಸದ ಆಸೆಯನ್ನೂ ಬಿಡಬೇಡಿ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ನಿಮಗೆ ಅನಿಸಿದೆಯಲ್ಲ, ತೊಂದರೆ ಶುರುವಾಗಿರುವುದು ಅಲ್ಲಿಂದ.

ನೀವು ಕೇಳಿರುವುದು ಧಾರವಾಡದ ಬಗ್ಗೆ. ಆದರೆ ನಿಮ್ಮನ್ನು ಕಾಡುತ್ತಿರುವುದು, ಡಿಗ್ರಿ ಮುಗಿದ ಮರುದಿನ ಕೈಯಲ್ಲಿ ಏನೂ ಇರುವುದಿಲ್ಲವಲ್ಲ ಅನ್ನುವ ಭಯ. ಸರ್ಕಾರಿ ಕಾಲೇಜುಗಳಲ್ಲಿ ವಾಣಿಜ್ಯ ಪಾಠ ಮಾಡುತ್ತಾ, ಪ್ಲೇಸ್‌ಮೆಂಟ್ ಸೆಲ್ ನೋಡಿಕೊಳ್ಳುತ್ತಾ ಬಂದವನು ನಾನು. ಪ್ರತಿ ವರ್ಷ ನಾಲ್ಕನೇ ಸೆಮಿಸ್ಟರ್ ಹೊತ್ತಿಗೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಹೋದವರೇನು ಸೋಮಾರಿಗಳಲ್ಲ. ಇದೇ ಭಯಕ್ಕೆ ಹೋದವರು.

ಮೊದಲು ಅರ್ಹತೆ ನೋಡೋಣ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಕೆಎಎಸ್, ಬ್ಯಾಂಕ್ ಕ್ಲರ್ಕ್, ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್), ಇವಕ್ಕೆಲ್ಲ ಡಿಗ್ರಿ ಬೇಕು. ಡಿಗ್ರಿ ಇಲ್ಲದೆ ಧಾರವಾಡದಲ್ಲಿ ಕೂತರೆ ನೀವು ಬರೆಯಬಹುದಾದದ್ದು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿಯಂಥ ಪಿಯುಸಿ ಮಟ್ಟದ ಪರೀಕ್ಷೆಗಳು ಮಾತ್ರ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆ ಕರೆದಾಗ ಲಕ್ಷಗಟ್ಟಲೆ ಅರ್ಜಿ ಬಂದವು. ಪಿಯುಸಿ ಸಾಕು ಅಂದರೂ ಡಿಗ್ರಿ ಮುಗಿಸಿದವರೂ ಬರೆಯುವ ಪರೀಕ್ಷೆ ಅದು. ನೀವು ಡಿಗ್ರಿ ಬಿಟ್ಟು ಅವರ ಜೊತೆ ಪೈಪೋಟಿಗೆ ಇಳಿಯುತ್ತೀರಿ.

ವಯಸ್ಸಿನ ಅವಸರವೂ ಇಲ್ಲ. ರಾಜ್ಯದ ಗುಮಾಸ್ತ ಹುದ್ದೆಗಳಿಗೆ ಸಾಮಾನ್ಯ ನಿಯಮದಂತೆ 35 ವರ್ಷದ ತನಕ ಅವಕಾಶ ಇದೆ. ಹಿಂದುಳಿದ ವರ್ಗದವರಿಗೆ 38, ಪರಿಶಿಷ್ಟರಿಗೆ 40. ಬ್ಯಾಂಕ್ ಕ್ಲರ್ಕ್‌ಗೆ ಮಾತ್ರ 20ರಿಂದ 28, ಮೀಸಲಾತಿ ಇರುವವರಿಗೆ ಸಡಿಲಿಕೆ ಉಂಟು. ನಿಮಗೀಗ ಹೆಚ್ಚೆಂದರೆ ಇಪ್ಪತ್ತು ಇರಬಹುದು. ಒಂದೂವರೆ ವರ್ಷ ಕಾದರೆ ಏನೂ ಕೈತಪ್ಪುವುದಿಲ್ಲ.

ಇನ್ನು ಧಾರವಾಡ. ಸಪ್ತಾಪುರದ ಬೀದಿಗಳಲ್ಲಿ ಓಡಾಡಿದವರಿಗೆ ಗೊತ್ತು: ಕೋಚಿಂಗ್ ಬೋರ್ಡುಗಳು, ತಿಂಗಳ ಲೆಕ್ಕದ ರೀಡಿಂಗ್ ರೂಮುಗಳು, ಪಿಜಿಗಳು, ಖಾನಾವಳಿಗಳು. ಅಲ್ಲಿಂದ ನೌಕರಿ ಹಿಡಿದು ಮನೆ ನಡೆಸುತ್ತಿರುವ ನನ್ನ ವಿದ್ಯಾರ್ಥಿಗಳಿದ್ದಾರೆ, ಹಾಗಾಗಿ ಅಲ್ಲಿಗೆ ಹೋಗಲೇಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪರೀಕ್ಷೆ ಯಾವಾಗ ಬರುತ್ತದೆ ಅನ್ನೋದು ಓದುವವರ ಕೈಯಲ್ಲೂ ಇಲ್ಲ, ಕೋಚಿಂಗ್ ನಡೆಸುವವರ ಕೈಯಲ್ಲೂ ಇಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಕಥೆ ನೋಡಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಚಿವ ಸಂಪುಟ ತೀರ್ಮಾನಿಸಿತು. ಆ ತೀರ್ಮಾನಕ್ಕೆ ಕಾರಣ ಇತ್ತು, ಅದು ಬೇರೆ ವಿಷಯ. ಆದರೆ ಅಷ್ಟೂ ದಿನ ರೂಮ್ ಬಾಡಿಗೆ, ಊಟದ ಖರ್ಚು ನಿಂತಿರಲಿಲ್ಲ, ಅಲ್ವಾ? ಇಪ್ಪತ್ತೊಂದಕ್ಕೆ ಹೋದವರು ಇಪ್ಪತ್ತಾರಕ್ಕೂ ಅದೇ ರೂಮಿನಲ್ಲಿ ಇರುವುದು ಹೀಗೆ. ಊರಿಗೆ ವಾಪಸ್ ಬರೋಣ ಅಂದರೆ ಕೈಯಲ್ಲಿ ಬೇರೆ ಕೆಲಸ ಇರುವುದಿಲ್ಲ. ನಾಚಿಕೆಯಿಂದ ಅಲ್ಲೇ ಉಳಿದುಬಿಡುತ್ತಾರೆ.

ಅದಕ್ಕೆ ನನ್ನ ಸಲಹೆ: ಡಿಗ್ರಿ ಮುಗಿಸಿ, ಜೊತೆಗೆ ಲೆಕ್ಕದ ಒಂದು ಕೆಲಸವನ್ನು ಕೈಗೆ ಹತ್ತಿಸಿಕೊಳ್ಳಿ, ಆಮೇಲೆ ಪರೀಕ್ಷೆಗೆ ಎರಡು ವರ್ಷ ಅಂತ ಗಡಿ ಹಾಕಿಕೊಂಡು ಓದಿ. ಕೈಯಲ್ಲಿ ಕೆಲಸ ಇರುವವರಿಗೆ ಕಾಯುವುದು ಅಷ್ಟು ಕಷ್ಟವಾಗುವುದಿಲ್ಲ.

ಲೆಕ್ಕದ ಕೆಲಸ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಕಾಂ.ಗೆ ಬೆಲೆ ಇಲ್ಲ ಅನ್ನುವವರಿಗೆ ನಾನು ತೋರಿಸುವುದು ನಿಮ್ಮ ಊರಿನ ಸುತ್ತಲನ್ನೇ. ಗಂಗಾವತಿ, ಕಾರಟಗಿ ಕಡೆ ಎಷ್ಟು ರೈಸ್ ಮಿಲ್ ಇವೆ, ಬಸ್ಸಿನ ಕಿಟಕಿಯಿಂದ ನೀವೇ ದಿನಾ ನೋಡುತ್ತೀರಿ. ಪ್ರತಿ ಮಿಲ್ಲಿಗೂ ಬಿಲ್ ಮಾಡುವವರು ಬೇಕು, ಜಿಎಸ್‌ಟಿ ತುಂಬುವವರು ಬೇಕು. ಒಂದು ಮಿಲ್ಲಿನ ಬಿಲ್ ಕೈಗೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. 25 ಕೆಜಿಯ ಲೇಬಲ್ ಹಾಕಿದ ಚೀಲ 100, ಚೀಲಕ್ಕೆ 1,400 ರೂಪಾಯಿ. ಮೊತ್ತ 1,40,000. ಕ್ಲಾಸಿನಲ್ಲಾದರೆ ನೀವು ಗಿರಾಕಿಯ ಖಾತೆಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್ ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತೀರಿ. ಮಿಲ್ಲಿನ ಮೇಜಿನ ಮೇಲೆ ಅದೇ ಬಿಲ್ ಇನ್ನಷ್ಟು ಕೇಳುತ್ತದೆ. ಚೀಲ 25 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಪ್ಯಾಕ್ ಮಾಡಿ ಲೇಬಲ್ ಹಾಕಿದ್ದರೆ 5 ಪರ್ಸೆಂಟ್ ತೆರಿಗೆ, 2022ರ ಜುಲೈ 18ರಿಂದ ಬಂದ ನಿಯಮ. 26 ಕೆಜಿ ಚೀಲಗಳು ಆಮೇಲೆ ಮಾರುಕಟ್ಟೆಗೆ ಬಂದದ್ದು ಇದೇ ಕಾರಣಕ್ಕೆ. ಹಾಗಾದರೆ ನಮ್ಮ ಬಿಲ್ಲಿನ ತೆರಿಗೆ 7,000. ಗಿರಾಕಿ ಹುಬ್ಬಳ್ಳಿಯವರಾದರೆ 3,500 ಸಿಜಿಎಸ್‌ಟಿ (ಕೇಂದ್ರದ ಪಾಲು), 3,500 ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ಹೈದರಾಬಾದಿನವರಾದರೆ ಪೂರ್ತಿ 7,000 ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯಕ್ಕೆ ಮಾರಿದಾಗಿನ ತೆರಿಗೆ. ಗಿರಾಕಿ ಯಾವ ರಾಜ್ಯದವರು ಅಂತ ಜಿಎಸ್‌ಟಿ ನಂಬರಿನಲ್ಲೇ ಗೊತ್ತಾಗುತ್ತದೆ. 15 ಅಕ್ಷರದ ಆ ನಂಬರಿನ ಮೊದಲ ಎರಡು ಅಂಕಿ 29 ಇದ್ದರೆ ಕರ್ನಾಟಕ, 36 ಇದ್ದರೆ ತೆಲಂಗಾಣ. ನಂತರದ ಹತ್ತು ಅವರ ಪ್ಯಾನ್. ಸರಕಿನ ಬೆಲೆ 50,000 ದಾಟಿರುವುದರಿಂದ ಲಾರಿ ಹೊರಡುವ ಮೊದಲು ಇ-ವೇ ಬಿಲ್, ಅಂದರೆ ಸರಕು ಸಾಗಿಸುವ ಆನ್‌ಲೈನ್ ಪತ್ರ, ಆಗಬೇಕು. ತಿಂಗಳ ರಿಟರ್ನ್ ತುಂಬುವವರಾದರೆ, ಈ ಬಿಲ್ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಸೇರಬೇಕು, 20ರೊಳಗೆ ತೆರಿಗೆ ಲೆಕ್ಕದ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ತುಂಬಿ ತೆರಿಗೆ ಕಟ್ಟಬೇಕು.

ಈ ಒಂದು ಬಿಲ್ಲನ್ನು ಮೊದಲಿನಿಂದ ಕೊನೆ ತನಕ ತಪ್ಪಿಲ್ಲದೆ ಮಾಡಬಲ್ಲ ಹುಡುಗಿ ನಮ್ಮ ತಾಲ್ಲೂಕುಗಳಲ್ಲಿ ಖಾಲಿ ಕೂರುವುದಿಲ್ಲ. ಸಂಬಳ ಶುರುವಿನಲ್ಲಿ ದೊಡ್ಡದಿರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ವರ್ಷ ಕೈ ಪಳಗಿದರೆ ಹುಬ್ಬಳ್ಳಿಗೂ ಬೆಂಗಳೂರಿಗೂ ಅನುಭವ ಇರುವವಳಾಗಿ ಹೋಗುತ್ತೀರಿ. ಫ್ರೆಷರ್ ಅಂತ ಸಾಲಿನಲ್ಲಿ ನಿಲ್ಲುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಲಿಯುವುದಕ್ಕೆ ದೊಡ್ಡ ಫೀಸು ಬೇಡ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್‌ನಲ್ಲಿ ಎಜುಕೇಷನಲ್ ಮೋಡ್ ಅಂತ ಇದೆ, ದುಡ್ಡು ಕೊಡದೆ ಬಳಸಬಹುದು. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯುವವರಿಗೆ ಅಷ್ಟು ಸಾಕು. ಖರೀದಿಗೆ ಎಫ್9, ಮಾರಾಟಕ್ಕೆ ಎಫ್8, ಪಾವತಿಗೆ ಎಫ್5, ವಸೂಲಿಗೆ ಎಫ್6. ಬೆರಳಿಗೆ ಅಭ್ಯಾಸವಾಗುವ ತನಕ ಕಾಲೇಜಿನ ಲ್ಯಾಬಿನಲ್ಲಿ ಕೂರಿ. ಲ್ಯಾಬ್ ಬೀಗ ಹಾಕಿದ್ದರೆ ಪ್ರಾಂಶುಪಾಲರಿಗೆ ನಾಲ್ಕೈದು ಜನ ಸೇರಿ ಅರ್ಜಿ ಕೊಡಿ. ಒಬ್ಬರೇ ಕೇಳಿದರೆ ನೋಡೋಣ ಅನ್ನುತ್ತಾರೆ, ಗುಂಪಾಗಿ ಬರವಣಿಗೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ತೆಗೆಸುತ್ತಾರೆ. ಇನ್ನೊಂದು ದಾರಿ, ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಜನ ಆರ್‌ಸೆಟಿ ಅನ್ನುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ಇದಕ್ಕೆ ಮೂಲ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ರಜೆಯ ಹೊತ್ತಿಗೆ ಕಂಪ್ಯೂಟರ್ ಅಕೌಂಟಿಂಗ್ ಬ್ಯಾಚ್ ಇದೆಯಾ ಅಂತ ವಿಚಾರಿಸಿ.

ಟ್ಯಾಲಿ ಸರ್ಟಿಫಿಕೇಟಿಗಿಂತ ಜಾಸ್ತಿ ಬೆಲೆ ಇರುವುದು ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕಳೆದ ಎರಡು ತಿಂಗಳಿಗೆ. ಸಂಬಳದಾರರ ಆದಾಯ ತೆರಿಗೆ ರಿಟರ್ನ್‌ಗೆ ಜುಲೈ 31 ಮಾಮೂಲಿ ಗಡುವು. ಜೂನ್, ಜುಲೈನಲ್ಲಿ ಗಂಗಾವತಿಯಂಥ ಊರಿನಲ್ಲೂ ಆ ಕಚೇರಿಗಳಲ್ಲಿ ಫೈಲು ರಾಶಿ ಬಿದ್ದಿರುತ್ತವೆ, ಕೈ ಸಾಲುವುದಿಲ್ಲ. ಮೇ ತಿಂಗಳಲ್ಲೇ ಹೋಗಿ, 'ಸರ್, ಬಿ.ಕಾಂ. ಓದುತ್ತಿದ್ದೇನೆ, ಎಂಟ್ರಿ ಮಾಡಲು ಬರುತ್ತದೆ, ಮಧ್ಯಾಹ್ನದ ಮೇಲೆ ಬರಲಾ?' ಅಂತ ಕೇಳಿ. ಮೊದಲ ಇಬ್ಬರು ಬೇಡ ಅನ್ನಬಹುದು. ಬೇಜಾರಾಗಬೇಡಿ, ಮೂರನೆಯವರ ಹತ್ತಿರ ಹೋಗಿ. ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಕಚೇರಿ ಎಂಥದ್ದು, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ನೋಡಿಕೊಂಡೇ ಒಪ್ಪಿ. ಕೊನೆಯ ಬಸ್ ತಪ್ಪುವಂಥ ಕಡೆ ಬೇಡವೇ ಬೇಡ.

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಫೋನಿನಲ್ಲಿ ವಿದೇಶದ ಗಿರಾಕಿಗಳ ಜೊತೆ ಮಾತಾಡುವ ಕಾಲ್ ಸೆಂಟರ್ ಕೆಲಸಕ್ಕೆ ಹರಳು ಹುರಿದ ಹಾಗೆ ಇಂಗ್ಲಿಷ್ ಬೇಕು. ಅಕೌಂಟ್ಸ್ ಕೆಲಸಕ್ಕೆ ಹಾಗಲ್ಲ. ಅಲ್ಲಿ ನೋಡುವುದು ಎಂಟ್ರಿ ಸರಿ ಇದೆಯಾ, ಬ್ಯಾಂಕ್ ಲೆಕ್ಕ ತಾಳೆಯಾಗುತ್ತದಾ ಅಂತ. ಬೇಕಾಗುವ ಇಂಗ್ಲಿಷ್ ಬಹುಪಾಲು ಬರೆಯುವ ಇಂಗ್ಲಿಷ್: ಬಿಲ್ ಬಂದಿಲ್ಲ ಕಳಿಸಿ, ಬಾಕಿ ಇಷ್ಟಿದೆ, ಈ ತಾರೀಖಿಗೆ ಕಟ್ಟಿ, ಇಂಥ ಮೂರು ಸಾಲಿನ ಮೇಲ್‌ಗಳು. ದಿನಕ್ಕೆ ಒಂದು ಮೇಲ್ ಬರೆಯಿರಿ, ನಿಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ವಾರಕ್ಕೊಮ್ಮೆ ತೋರಿಸಿ. ತಿದ್ದಿಕೊಡುವುದಿಲ್ಲ ಅನ್ನುವ ಅಧ್ಯಾಪಕರನ್ನು ನಾನು ಕಂಡಿಲ್ಲ, ಕೇಳುವ ವಿದ್ಯಾರ್ಥಿಗಳೇ ಕಮ್ಮಿ.

ಬಾಯಿ ಕಟ್ಟುವುದಕ್ಕೆ ಕಾರಣ ಇಂಗ್ಲಿಷ್ ಬರದಿರುವುದು ಒಂದೇ ಅಲ್ಲ. ಹೇಳುವುದು ಏನು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕನ್ನಡದಲ್ಲೂ ಮಾತು ಹೊರಡುವುದಿಲ್ಲ. ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳಿ ಅಂತ ಕೇಳಿದಾಗ ಊರು, ಅಪ್ಪನ ಹೆಸರು, ಹವ್ಯಾಸ ಅಂತ ಒಪ್ಪಿಸುವವರು ಐದನೇ ವಾಕ್ಯಕ್ಕೆ ನಿಂತುಬಿಡುತ್ತಾರೆ. 'ಎರಡು ತಿಂಗಳು ತೆರಿಗೆ ಕಚೇರಿಯಲ್ಲಿ ಎಂಟ್ರಿ ಮಾಡಿದ್ದೇನೆ' ಅಂತ ಶುರು ಮಾಡಿದವರಿಗೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ತಾನು ಮಾಡಿದ ಕೆಲಸದ ಬಗ್ಗೆ ಮಾತಾಡುವಾಗ ತಪ್ಪು ಇಂಗ್ಲಿಷಿನಲ್ಲಾದರೂ ಮಾತು ಬರುತ್ತದೆ. ಇದನ್ನು ನಾನು ಎಷ್ಟೋ ಸಂದರ್ಶನಗಳಲ್ಲಿ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಸರ್ಕಾರಿ ಪರೀಕ್ಷೆಗೂ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಇರಲಿ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು, ಅದರಲ್ಲೂ ತಪ್ಪು ಅಂತ ಗಲಾಟೆಯಾಯಿತು. ಕನ್ನಡದಲ್ಲಿ ಓದಿದವರಿಗೆ ಆದ ಅನ್ಯಾಯ ಅದು. ಆ ಜಗಳ ನಡೆಯಲೇಬೇಕು. ಆದರೆ ನೀವು ಹಾಲ್‌ನಲ್ಲಿ ಕೂತಿರುವಾಗ ಕನ್ನಡ ಪ್ರಶ್ನೆ ಗೊಂದಲವಾದರೆ ಪಕ್ಕದ ಇಂಗ್ಲಿಷ್ ಪ್ರಶ್ನೆ ನೋಡಿ ಹಿಡಿಯುವಂತಿರಬೇಕು.

ಕನ್ನಡ ಮಾಧ್ಯಮ ಅಂತ ಕುಗ್ಗಬೇಡಿ, ನಿಮಗೆ ಸಿಗುವ ಅನುಕೂಲಗಳೂ ಇವೆ. ಒಂದರಿಂದ ಹತ್ತನೇ ತರಗತಿ ಕನ್ನಡದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 5 ಪರ್ಸೆಂಟ್, ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ 25 ಪರ್ಸೆಂಟ್ ಮೀಸಲು ಇದೆ. ನಿಮ್ಮ ಕೊಪ್ಪಳ ಜಿಲ್ಲೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುತ್ತದೆ, ಅಂದರೆ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ 80 ಪರ್ಸೆಂಟ್ ನಿಮ್ಮ ಭಾಗದವರಿಗೇ. ಕನ್ನಡ ಮಾಧ್ಯಮ, ಗ್ರಾಮೀಣ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಉಪವಿಭಾಗಾಧಿಕಾರಿ ಕಚೇರಿಯ 371(ಜೆ) ಪ್ರಮಾಣಪತ್ರ, ಇವನ್ನೆಲ್ಲ ಈಗಲೇ ಮಾಡಿಸಿ ಫೈಲಿನಲ್ಲಿಡಿ. ಅಧಿಸೂಚನೆ ಬಂದ ಮೇಲೆ ಓಡಾಡಿ, ಕೊನೆಯ ದಿನ ದಾಟಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಪರೀಕ್ಷೆಗೆ ಓದುವುದನ್ನು ನಾಳೆಯೇ ಶುರು ಮಾಡಬಹುದು, ಅದಕ್ಕೆ ಧಾರವಾಡ ಬೇಡ. ಆರರಿಂದ ಹತ್ತರ ತನಕದ ಸಮಾಜ, ವಿಜ್ಞಾನ ಪಠ್ಯಪುಸ್ತಕ, ಒಂದು ಪತ್ರಿಕೆ, ದಿನಕ್ಕೆ ಇಪ್ಪತ್ತು ಮಾನಸಿಕ ಸಾಮರ್ಥ್ಯದ ಲೆಕ್ಕ. ಡಿಗ್ರಿ ಆದ ಮೇಲೆ ಕೋಚಿಂಗ್ ಬೇಕೇ ಬೇಕು ಅನಿಸಿದರೆ, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಪ್ರವೇಶ ಪರೀಕ್ಷೆ ಇಟ್ಟು ಅರ್ಹರಿಗೆ ಉಚಿತ ತರಬೇತಿ ಕೊಡುತ್ತವೆ.

ಬ್ಯಾಕ್ ವಿಷಯ. ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ ಫೇಲಾಗುವ ಕನ್ನಡ ಮಾಧ್ಯಮದವರ ಉತ್ತರ ಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಲೆಕ್ಕ ಬರದೆ ಫೇಲಾದವರು ಕಮ್ಮಿ. ಪ್ರಶ್ನೆಯ ಕೆಳಗಿರುವ ಹೊಂದಾಣಿಕೆಗಳ (ಅಡ್ಜಸ್ಟ್‌ಮೆಂಟ್) ಇಂಗ್ಲಿಷ್ ಸಾಲು ಅರ್ಥವಾಗದೆ ಅರ್ಧಕ್ಕೆ ಬಿಟ್ಟವರೇ ಜಾಸ್ತಿ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ಆ ಸಾಲುಗಳನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆದು, ಪ್ರತಿಯೊಂದಕ್ಕೂ ಎರಡು ಕಡೆ ಪರಿಣಾಮ ಏನು ಅಂತ ಪಕ್ಕದಲ್ಲಿ ಬರೆಯಿರಿ. ಹತ್ತು ಪತ್ರಿಕೆ ಆಗುವಷ್ಟರಲ್ಲಿ ಅವೇ ಸಾಲುಗಳು ತಿರುಗಿ ಬರುವುದು ಕಾಣುತ್ತದೆ. ಇದನ್ನು ಐದನೇ ಸೆಮಿಸ್ಟರಿನೊಳಗೆ ಮುಗಿಸಿ. ಕೊನೆಯ ಸೆಮಿಸ್ಟರಿಗೆ ಬ್ಯಾಕ್ ಎಳೆದುಕೊಂಡು ಹೋದರೆ ಅಂಕಪಟ್ಟಿ ತಡವಾಗಿ, ಅರ್ಜಿ ಹಾಕುವ ಅವಕಾಶಗಳೇ ತಪ್ಪುತ್ತವೆ.

ಸಿಎ ಮಾಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿ.ಕಾಂ.ನಲ್ಲಿ 55 ಪರ್ಸೆಂಟ್ ಬಂದರೆ ಮೊದಲ ಹಂತದ ಫೌಂಡೇಷನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಕಷ್ಟದ ದಾರಿ, ಎಲ್ಲರಿಗೂ ಅಲ್ಲ. ತೆರಿಗೆ ಕಚೇರಿಯ ಎರಡು ತಿಂಗಳಲ್ಲಿ ಕೆಲಸ ಇಷ್ಟವಾದರೆ ಆಗ ಯೋಚಿಸಿ.

ಬೆಂಗಳೂರಿಗೆ ಹೋಗುವುದಾದರೆ ಎಚ್ಚರ ಬೇಕು. ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ಅದನ್ನು ಡೆಪಾಸಿಟ್ ಅನ್ನಲಿ, ಟ್ರೈನಿಂಗ್ ಫೀಸು ಅನ್ನಲಿ. ಮೂಲ ಅಂಕಪಟ್ಟಿ ಯಾರ ಕೈಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ. ಇಬ್ಬರನ್ನು ಸೇರಿಸಿದರೆ ಕಮಿಷನ್ ಅನ್ನುವ ಚೈನ್ ಕಂಪನಿಗಳು ಹಳ್ಳಿಯ ಕಾಲೇಜು ಮಕ್ಕಳನ್ನೇ ಹುಡುಕಿಕೊಂಡು ಬರುತ್ತವೆ, ಆ ಕಡೆ ತಲೆ ಹಾಕಬೇಡಿ. ನಂಬಬಹುದಾದ ದಾರಿ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್, ಪದವೀಧರರಿಗೆ ಒಂದು ವರ್ಷದ ಅಪ್ರೆಂಟಿಸ್ ತರಬೇತಿ. 2019ರ ತಿದ್ದುಪಡಿ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್ ನಿಗದಿಯಾಗಿತ್ತು. ಸಾರ್ವಜನಿಕ ಬ್ಯಾಂಕುಗಳೂ ಹೀಗೆ ಪದವೀಧರರನ್ನು ತೆಗೆದುಕೊಳ್ಳುತ್ತಿವೆ. ಇದು ಕಾಯಂ ನೌಕರಿ ಅಲ್ಲ, ವರ್ಷ ಮುಗಿದ ಮೇಲೆ ಉಳಿಸಿಕೊಳ್ಳಬೇಕೆಂಬ ನಿಯಮ ಇಲ್ಲ. ಅನುಭವ ಪತ್ರ ಮಾತ್ರ ನಿಮ್ಮದಾಗುತ್ತದೆ.

ಅಮ್ಮನ ಮಾತು ನಿಮಗೆ ಎಷ್ಟು ಭಾರವಾಗಿದೆ ಅಂತ ನನಗೆ ಅರ್ಥವಾಗುತ್ತದೆ. ಬರೀ ಓದುತ್ತೇನೆ ಅಂದರೆ ನಮ್ಮ ಮನೆಗಳಲ್ಲಿ ಆ ಮಾತು ಜಾಸ್ತಿ ದಿನ ನಿಲ್ಲುವುದಿಲ್ಲ. ತಿಂಗಳಿಗೆ ಐದಾರು ಸಾವಿರ ತರುವ ಮಗಳ ಮಾತಿಗೆ ಬೇರೆ ತೂಕ ಇರುತ್ತದೆ. ಹೀಗಿರಬಾರದು, ಆದರೆ ಇದೆ. ಡಿಗ್ರಿ ಆಗುವಷ್ಟರಲ್ಲಿ ಒಂದು ಕೆಲಸ ಕೈಯಲ್ಲಿರಲಿ ಅಂತ ನಾನು ಒತ್ತಿ ಹೇಳುತ್ತಿರುವುದಕ್ಕೆ ಇದೂ ಕಾರಣ. ಮನೆಯಲ್ಲಿ ಒತ್ತಾಯ ಜೋರಾದರೆ ನಿಮ್ಮ ಕಾಲೇಜಿನ ಅಧ್ಯಾಪಕಿಯೊಬ್ಬರನ್ನು ಅಮ್ಮನ ಜೊತೆ ಮಾತಾಡಲು ಕೇಳಿಕೊಳ್ಳಿ. ಹೆಣ್ಣುಮಗಳೊಬ್ಬಳು ಓದಿ ಸಂಬಳ ತರುವುದನ್ನು ಕಣ್ಣಾರೆ ಕಂಡ ತಾಯಂದಿರು ಮನಸ್ಸು ಬದಲಿಸುತ್ತಾರೆ.

ಅಪ್ಪನ 80,000ವನ್ನು ಈಗ ಮುಟ್ಟಬೇಡಿ. ಅವರಿಗೆ ಹೀಗೆ ಹೇಳಿ: ದುಡ್ಡು ಬ್ಯಾಂಕಿನಲ್ಲಿರಲಿ, ಆರನೇ ಸೆಮಿಸ್ಟರ್ ಮುಗಿದ ಮೇಲೆ ಉಚಿತ ಕೋಚಿಂಗ್ ಸಿಗದಿದ್ದರೆ ಆಗ ಕೇಳುತ್ತೇನೆ. ಈಗ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿ ಅಂತ ಕೇಳಬಹುದು, ಟ್ಯಾಲಿ ಕಲಿಯಲು ಅಷ್ಟು ಸಾಕು. ಆಮೇಲೆ ಸೋಮವಾರ ಕಾಲೇಜಿಗೆ ಹೋದ ಕೂಡಲೇ ಆಫೀಸಿನಲ್ಲಿ ಬ್ಯಾಕ್ ವಿಷಯದ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಅಂತ ವಿಚಾರಿಸಿ ಬರೆದಿಟ್ಟುಕೊಳ್ಳಿ.